ಮೊದಲ ಹಿಂಡು ದೇವರಿಗೆ

ಮೂಡಣದಲ್ಲಿ ಇನ್ನೂ ಬೆಳಗಾಗಿಲ್ಲ. ದೌಂಡದಾಚೆ ಭೀಮೆಯ ಹಿನ್ನೀರಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿದೆ. ತಡವಾಗಿ ಬಿತ್ತಿದ ಸಜ್ಜೆಯ ಹೊಲದ ನಡುವೆ ನಾಲ್ಕು ಗಳುಗಳ ಮೇಲೊಂದು ಅಟ್ಟ. ಅದರ ಮೇಲೆ ತಲೆಗೆ ಸೆರಗು ಬಿಗಿದುಕೊಂಡು ಅವ್ವಮ್ಮ ಕೂತಿದ್ದಾರೆ. ಎಡಕ್ಕೊಂದು ಬುಟ್ಟಿ, ಬಲಕ್ಕೊಂದು ಬುಟ್ಟಿ, ತೊಡೆಯ ಮೇಲೆ ಕವಣೆ. ಎಡಬುಟ್ಟಿಯ ತುಂಬ ಬಿಸಿಲಿಗೆ ಒಣಗಿಸಿದ ಮಣ್ಣಿನ ಗುಂಡುಗಳು. ಬಲಬುಟ್ಟಿ ಖಾಲಿ.

"ಬಂದ್ವು," ಎನ್ನುತ್ತಾರೆ ಅವ್ವಮ್ಮ.

ಅಟ್ಟದ ಕೆಳಗೆ ನಿಂತ ಪ್ರಲ್ಹಾದರಿಗೆ ಏನೂ ಕಾಣುವುದಿಲ್ಲ. ದುರ್ಬೀನು ಎತ್ತಿ ಹುಡುಕುತ್ತಾರೆ, ಅದರಲ್ಲೂ ಬರೀ ಮಂಜು. ನಾಲ್ಕು ಉಸಿರು ಕಳೆಯುವಷ್ಟರಲ್ಲಿ ತಲೆಯ ಮೇಲೆ ಹೊಸ ಸೀರೆಯ ಮಡಿಕೆ ಕೊಡವಿದಂಥ ಸಪ್ಪಳ. ರಾತ್ರಿಯಿಡೀ ಹೊಲಗಳಲ್ಲಿ ಮೇದ ಬಾತುಗಳು ನೀರಿಗೆ ಮರಳುತ್ತಿವೆ. ಉದ್ದ ಕತ್ತು, ಸೂಜಿಯಂಥ ಬಾಲ, ಸಾಲಿನ ಹಿಂದೆ ಸಾಲು. ಅವ್ವಮ್ಮನ ಕೈ ತಾನಾಗಿ ಬುಟ್ಟಿಯಿಂದ ಗುಂಡುಗಳನ್ನು ಎತ್ತುತ್ತದೆ. ಐವತ್ತು ಹಕ್ಕಿಗೆ ಒಂದು ಗುಂಡು. ಹಿಂಡು ನದಿಯ ತಿರುವು ದಾಟಿ ಮರೆಯಾದಾಗ ಕೈಯಲ್ಲಿ ಹದಿಮೂರು ಗುಂಡುಗಳಿವೆ.

ಅವರು ಅವನ್ನು ಬಲಬುಟ್ಟಿಗೆ ಹಾಕುವುದಿಲ್ಲ. ಅಟ್ಟದಿಂದಿಳಿದು, ಬುಡದಲ್ಲಿ ಸುಣ್ಣ ಬಳಿದು ನಿಲ್ಲಿಸಿದ ಐದು ಕಲ್ಲುಗಳ ಮುಂದೆ ಸಾಲಾಗಿ ಇಟ್ಟು ಕೈ ಮುಗಿಯುತ್ತಾರೆ.

"ಅವು ಬುಟ್ಟಿಗಿ ಬ್ಯಾಡೇನ್ರಿ?" ಪ್ರಲ್ಹಾದ ಕೇಳುತ್ತಾರೆ.

"ಅವು ದೇವರವು," ಎಂದು ಅವ್ವಮ್ಮ ಮತ್ತೆ ಅಟ್ಟ ಹತ್ತುತ್ತಾರೆ.

ಪ್ರಲ್ಹಾದ ವಿಜಾಪುರದ ಕಡೆಯವರು, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ರಜೆ ಸಿಕ್ಕಾಗಲೆಲ್ಲ ಹಕ್ಕಿ ನೋಡುವ ಹುಚ್ಚು. ದೀಪಾವಳಿ ಮುಗಿದ ಎರಡನೇ ಭಾನುವಾರ, ವರ್ಷಕ್ಕೊಮ್ಮೆ, ಈ ದಂಡೆಯ ಹಕ್ಕಿಗಳನ್ನು ಎಣಿಸಿ ತಾಲೂಕಿನ ಸಮಿತಿಗೆ ಲೆಕ್ಕ ಕೊಡುವುದು ಅವರ ಗೆಳೆಯರ ಕೂಟ ಹೊತ್ತ ಹೊಣೆ. ಎಣಿಸುವ ಕಣ್ಣು ಅವ್ವಮ್ಮನದು, ಬರೆಯುವ ಕೈ ಇವರದು. ಪ್ರತಿ ವರ್ಷ ಎಂಟು ಗಂಟೆಯ ಗಾಡಿಗೆ ಬಂದಿಳಿಯುತ್ತಿದ್ದ ಪ್ರಲ್ಹಾದ ಈ ಸಲ ಹಿಂದಿನ ದಿನವೇ ದೌಂಡಕ್ಕೆ ಬಂದು ಉಳಿದಿದ್ದಾರೆ. ಕಾರಣವಿದೆ. ಇದು 2003, ಐದು ವರ್ಷದ ಎಣಿಕೆಯ ಕೊನೆಯ ವರ್ಷ. ಐದರಲ್ಲಿ ಒಂದು ವರ್ಷವಾದರೂ ಹಕ್ಕಿಗಳು ಐದು ಸಾವಿರ ದಾಟಿದರೆ ದಂಡೆಯ ಕೆಸರುನೆಲ ಹಾಗೇ ಉಳಿಯುತ್ತದೆ. ಇಲ್ಲವಾದರೆ ಮಣ್ಣು ಎತ್ತಲು ಇಟ್ಟಿಗೆ ಭಟ್ಟಿಯವರಿಗೆ ಕೊಡುತ್ತಾರೆ. ನಾಲ್ಕು ವರ್ಷವೂ ಲೆಕ್ಕ ನಾಲ್ಕೂವರೆ ಸಾವಿರದ ಆಸುಪಾಸಿನಲ್ಲೇ ನಿಂತಿದೆ.

ಅವ್ವಮ್ಮನಿಗೆ ಐವತ್ತರ ಮೇಲೆ ಎರಡೋ ಮೂರೋ. ಊರು ಅಫಜಲಪುರದ ಕಡೆ, ಇದೇ ಭೀಮೆಯ ದಂಡೆ. 1992ರಲ್ಲಿ ಗಂಡ ಅಂಬಾದಾಸನ ಜೊತೆ ಹಡಪಸರಕ್ಕೆ ಬಂದು ಎರಡು ವರ್ಷ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತರು. ಅಂಬಾದಾಸ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಪಟ್ಟಣ ಬಿಟ್ಟು ಇಲ್ಲಿಯ ರೈತ ಅಪ್ಪಾಸಾಹೇಬರ ಹೊಲಕ್ಕೆ ಹಕ್ಕಿ ಕಾಯಲು ಸೇರಿದರು. ನಸುಕಿನಿಂದ ಹತ್ತರವರೆಗೆ, ಮತ್ತೆ ಮೂರರಿಂದ ಹೊತ್ತು ಮುಳುಗುವವರೆಗೆ ಅಟ್ಟದ ಮೇಲೆ. ನಡುವಿನ ಹೊತ್ತಿನಲ್ಲಿ ಗುಂಡು ಕಟ್ಟಬೇಕು, ದಿನಕ್ಕೆ ಇನ್ನೂರು. ದಿನಗೂಲಿ ನಲವತ್ತು ರೂಪಾಯಿ. ಕವಣೆಯ ಹಗ್ಗ ಹೊಸೆದುಕೊಡುವುದು ಅಂಬಾದಾಸ.

"ನಾ ಹೊಸೀತೀನಿ, ಆಕಿ ಬೀಸ್ತಾಳ," ಎಂದು ಅಟ್ಟದ ಪಕ್ಕದ ತಮ್ಮ ಗುಡಿಸಲ ಮುಂದೆ ಕೂತ ಅಂಬಾದಾಸ ನಗುತ್ತಾರೆ. "ಒಂಬತ್ತು ವರ್ಷದಾಗ ಒಂದ ಹಕ್ಕಿನೂ ಕೆಡವಿಲ್ಲ ನೋಡ್ರಿ. ಗುರಿ ಅಷ್ಟು ಛಂದ ಅದ."

"ಕೆಡವಾಕ ಅಲ್ಲ, ಅಂಜಸಾಕ," ಎಂದು ಅಟ್ಟದ ಮೇಲಿಂದಲೇ ಉತ್ತರ ಬರುತ್ತದೆ. "ಗುಂಡು ಹಕ್ಕಿ ಮುಂದ ಬೀಳಬೇಕು, ಮ್ಯಾಲ ಅಲ್ಲ. ಅದಕ್ಕೂ ಹೊಟ್ಟಿ ಅದ."

ಎಣಿಸುವ ಕಣ್ಣು ಬಂದದ್ದು ಈ ಕಾಯುವ ಕೆಲಸದಿಂದಲೇ. ಎಷ್ಟು ಹಕ್ಕಿ ಇಳಿಯುತ್ತಿವೆ ಎಂದು ದೂರದಲ್ಲೇ ತಿಳಿಯದಿದ್ದರೆ ಯಾವ ಮೂಲೆಗೆ ಮೊದಲು ಕವಣೆ ಬೀಸಬೇಕೆಂಬುದು ತಿಳಿಯುವುದಿಲ್ಲ. ಪ್ರಲ್ಹಾದ ಒಮ್ಮೆ ಪರೀಕ್ಷೆ ಮಾಡಿದ್ದರು. ಹಾರುವ ಹಿಂಡಿನ ಫೋಟೊ ತೆಗೆದು, ತೊಳೆಸಿ, ಒಂದೊಂದು ಹಕ್ಕಿಯ ಮೇಲೂ ಪೆನ್ನಿನ ಚುಕ್ಕೆ ಇಟ್ಟು ಎಣಿಸಿದರು: ಮುನ್ನೂರ ನಲವತ್ತೆರಡು. ಅವ್ವಮ್ಮ ಇಟ್ಟದ್ದು ಏಳು ಗುಂಡು. "ಮೊರದಾಗ ಅಕ್ಕಿ ಹಸನ ಮಾಡುವಾಗ ಕಲ್ಲು ಎಣಸ್ತಾರೇನ್ರಿ?" ಎಂದು ಕೇಳಿದ್ದರು ಆಕೆ. "ಕಣ್ಣಿಗೇ ತಿಳೀತದ."

ಎಂಟು ಗಂಟೆಗೆ ಬಿಸಿಲು ಏರುತ್ತದೆ. ಗುಲಾಬಿ ಮೈನಾಗಳ ಹಿಂಡೊಂದು ಮೋಡದ ತುಣುಕಿನ ಹಾಗೆ ಉರುಳುತ್ತ ಬಂದು ಸಜ್ಜೆಯ ಮೇಲೆ ಕವಿಯುತ್ತದೆ. ಅವ್ವಮ್ಮ ನಾಲ್ಕು ಗುಂಡು ಬಲಬುಟ್ಟಿಗೆ ಹಾಕಿ, ಐದನೆಯದನ್ನು ಕವಣೆಗಿಟ್ಟು ಬೀಸುತ್ತಾರೆ. ಹೊಲವೇ ಎದ್ದು ಹಾರಿದಂತೆ ಇನ್ನೂರು ಹಕ್ಕಿಗಳು ಒಟ್ಟಿಗೆ ಮೇಲೇಳುತ್ತವೆ. ಬದುವಿನ ಮೇಲೆ ನಿಂತ ಅಪ್ಪಾಸಾಹೇಬರು ಮರಾಠಿಯಲ್ಲಿ ಕಿಚಾಯಿಸುತ್ತಾರೆ: "ಅವ್ವಮ್ಮಾಬಾಯಿ, ಕೂಲಿ ಕೊಡುವವನು ನಾನು. ನೀ ಮೊದಲು ಸರ್ಕಾರದ ಹಕ್ಕಿ ಎಣಿಸಿ ಆಮೇಲೆ ನನ್ನ ಹಕ್ಕಿ ಓಡಿಸ್ತೀಯಲ್ಲ."

"ಕಾಕಾ, ಎಣಿಸದೆ ಓಡಿಸಿದರೆ ಎಷ್ಟು ಓಡಿಸಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಆಕೆಯೂ ಮರಾಠಿಯಲ್ಲೇ ತಿರುಗಿಸುತ್ತಾರೆ. ಅಪ್ಪಾಸಾಹೇಬರು ನಗುತ್ತ ಕಬ್ಬಿನ ಕಡೆ ಹೋಗುತ್ತಾರೆ.

ಹತ್ತಕ್ಕೆ ಇಬ್ಬರೂ ದಂಡೆಗುಂಟ ಹೊರಡುತ್ತಾರೆ. ಬುಟ್ಟಿಗಳು ಅವ್ವಮ್ಮನ ಸೊಂಟಕ್ಕೆ. ನೇಗಿಲು ಹೋದ ಸಾಲಿನಲ್ಲಿ ಹಳದಿ ಸಿಪಿಲೆಗಳು ಬಾಲ ಕುಣಿಸುತ್ತ ಎತ್ತಿನ ಹಿಂದೆಯೇ ನಡೆಯುತ್ತಿವೆ. ಕೆಸರಿನಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಮುಳುಗಿಸಿ ನಿಂತಿವೆ. ಅಗಲ ಕೊಕ್ಕಿನ ಸಲಿಕೆಬಾತಿಗೆ ಅವ್ವಮ್ಮ ಇಟ್ಟ ಹೆಸರು ಸೌಟಮೂಗ. ಪ್ರಲ್ಹಾದ ಪುಸ್ತಕದ ಹೆಸರು ಬರೆದುಕೊಂಡು ಪಕ್ಕದಲ್ಲಿ ಇದನ್ನೂ ಬರೆಯುತ್ತಾರೆ. ಇದ್ದಕ್ಕಿದ್ದಂತೆ ಅವ್ವಮ್ಮ ಅವರ ತೋಳು ಹಿಡಿದು ನಿಲ್ಲಿಸುತ್ತಾರೆ. ನಡುಗಡ್ಡೆಯ ಮರಳಿನ ಮೇಲೆ ಕಾವಿ ಬಣ್ಣದ ಎರಡು ಹಕ್ಕಿಗಳು.

"ಚಕ್ರವಾಕ," ಎಂದು ಪಿಸುಗುಟ್ಟುತ್ತಾರೆ. "ಸಣ್ಣಾಕಿದ್ದಾಗ ಶ್ರಾವಣದಾಗ ಗುಡಿಯೊಳಗ ಪುರಾಣ ಓದ್ತಿದ್ರು. ಇರುಳಾದ್ರ ಅಗಲ್ತಾವ, ದಂಡಿಗಿ ಒಂದೊಂದು ಕುಂತು ಕರೀತಾವ ಅಂತ. ನಾ ಕತಿ ಅಂತ ತಿಳ್ಕೊಂಡಿದ್ದೆ. ಇಲ್ಲಿ ಬಂದು ಕಣ್ಣಾರೆ ಕಂಡ ದಿನ ಮೈ ಝುಂ ಅಂತು ನೋಡ್ರಿ."

ಮೂರಕ್ಕೆ ಅವ್ವಮ್ಮ ಮತ್ತೆ ಅಟ್ಟ ಏರುತ್ತಾರೆ. ಬಿಸಿಲು ಇಳಿಯುವಾಗ ಆಚೆ ದಂಡೆಯಿಂದ ಗಿಡುಗವೊಂದು ನೀರಿನ ಮೇಲೆ ತಗ್ಗಿ ಹಾರುತ್ತದೆ. ಜೊಂಡಿನೊಳಗೆ ಅಡಗಿದ್ದ ಬಾತುಗಳೆಲ್ಲ ಒಮ್ಮೆಲೇ ಏಳುತ್ತವೆ. ಆಕಾಶ ಕಪ್ಪಾಗುತ್ತದೆ, ನೀರು ಕುದಿಯುತ್ತದೆ. ಪ್ರಲ್ಹಾದ ದುರ್ಬೀನನ್ನು ಅತ್ತಿತ್ತ ತಿರುಗಿಸುತ್ತಾರೆ. ಅವ್ವಮ್ಮನ ಬೆರಳುಗಳು ಮಾತ್ರ ಜಪಮಣಿ ಎಳೆದಂತೆ ಒಂದೇ ಲಯದಲ್ಲಿ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ. "ಆ ಕಡೀವು ಬಿಟ್ಟೆ," ಎನ್ನುತ್ತಾರೆ. "ಅವು ಮಧ್ಯಾಹ್ನ ಎಣಿಸಿದವು."

ಹೊತ್ತು ಮುಳುಗುವ ಮೊದಲು ಅಟ್ಟದ ಬುಡದಲ್ಲಿ ಬಲಬುಟ್ಟಿ ಬಗ್ಗಿಸುತ್ತಾರೆ. ಇಬ್ಬರೂ ಒಟ್ಟಿಗೆ ಎಣಿಸುತ್ತಾರೆ. ತೊಂಬತ್ತೊಂದು ಗುಂಡು. ನಾಲ್ಕು ಸಾವಿರದ ಐನೂರ ಐವತ್ತು.

ಪ್ರಲ್ಹಾದ ಪೆನ್ನು ಮುಚ್ಚುತ್ತಾರೆ. ಆಮೇಲೆ ಅವರು ಐದು ಕಲ್ಲಿನ ಕಡೆ ನೋಡುತ್ತಾರೆ.

"ಅವ್ವಮ್ಮಾರ, ಮುಂಜಾನಿ ಆ ಹದಿಮೂರು. ಪ್ರತಿ ವರ್ಷ ಹಂಗ ತಗದಿಡ್ತೀರೇನ್ರಿ?"

"ಹೌದ್ರಿ. ನಮ್ಮೂರಾಗ ಸುಗ್ಗಿ ರಾಶಿ ಅಳೆಯೂ ಮುಂದ ಮೊದಲ ಮೊರ ದೇವರಿಗೆ. ಅದನ್ನ ಎಣಿಸಂಗಿಲ್ಲ. ಎಣಿಸಿದ್ರ ರಾಶಿ ಕರಗ್ತದ."

"ಆ ಹಿಂಡು ತಿರುವಿನ ಆಚೆ ಹೋದ್ರ ಮತ್ತ ಕಾಣಂಗಿಲ್ಲ. ನಾ ಬರೂದು ಎಂಟಕ್ಕ." ಪ್ರಲ್ಹಾದರ ದನಿ ಕುಗ್ಗುತ್ತದೆ. "ಅಂದ್ರ ನಾಲ್ಕು ವರ್ಷನೂ ಲೆಕ್ಕ ಕಡಿಮಿ ಬಿದ್ದದ."

ಅವ್ವಮ್ಮ ಕಲ್ಲುಗಳ ಮುಂದೆ ಕೂಡುತ್ತಾರೆ. "ಹಂಗಾರ ನಾಲ್ಕು ವರ್ಷ ನಾ ಸುಳ್ಳ ಬರಸಿದೆನೇನ್ರಿ?" ಎನ್ನುತ್ತಾರೆ. ಆ ಹದಿಮೂರನ್ನು ಬುಟ್ಟಿಗೆ ಹಾಕಿರಿ ಎನ್ನಲು ಪ್ರಲ್ಹಾದರಿಗೆ ಬಾಯಿ ಬರುವುದಿಲ್ಲ. ದೇವರ ಮುಂದಿಟ್ಟದ್ದನ್ನು ಮುಟ್ಟುವ ಕೈ ಅವರದೂ ಅಲ್ಲ.

ಗುಡಿಸಲಿನಲ್ಲಿ ಅಂಬಾದಾಸ ಕಂದೀಲು ಒರೆಸುತ್ತಿರುವ ಸಪ್ಪಳ. ನೀರಿನ ಕಡೆಯಿಂದ ಒಂದು ಚಕ್ರವಾಕ ಕೂಗುತ್ತದೆ. ಈ ದಂಡೆಯಿಂದ ಇನ್ನೊಂದು ಓಗೊಡುತ್ತದೆ. ಅವ್ವಮ್ಮ ಎರಡನ್ನೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ ನಿಧಾನಕ್ಕೆ ಏಳುತ್ತಾರೆ.

"ಪಾಲು ತಗದಿಡೂದು ನಮ್ಮ ರಾಶಿಯೊಳಗಿಂದು," ಎನ್ನುತ್ತಾರೆ. "ನಾ ಉತ್ತೇನೇನು, ಬಿತ್ತೇನೇನು ಈ ಹಕ್ಕಿಗಳನ್ನ? ಪೂರಾ ರಾಶಿನೇ ಆ ದೇವರದು. ಅವನ ರಾಶಿಯೊಳಗಿಂದ ಅವನಿಗೇ ಪಾಲು ಕೊಡಾಕ ನಾ ಯಾರು?"

ಕಲ್ಲುಗಳಿಗೆ ಕೈ ಮುಗಿದು ಹದಿಮೂರು ಗುಂಡುಗಳನ್ನು ಒಂದೊಂದಾಗಿ ಎತ್ತುತ್ತಾರೆ. ಒಂದೊಂದೂ ಬುಟ್ಟಿಗೆ ಬೀಳುವಾಗ ಪ್ರಲ್ಹಾದ ಬಾಯಲ್ಲೇ ಎಣಿಸುತ್ತಾರೆ. ನೂರಾ ನಾಲ್ಕು. ಐದು ಸಾವಿರದ ಇನ್ನೂರು. ಪೆನ್ನು ಮತ್ತೆ ತೆರೆದು ಅವರು ಆ ಅಂಕಿ ಬರೆಯುತ್ತಾರೆ. ಈ ಕೆಸರಿಗೆ ಇನ್ನು ಇಟ್ಟಿಗೆ ಭಟ್ಟಿಯ ಟ್ರ್ಯಾಕ್ಟರು ಇಳಿಯುವುದಿಲ್ಲ.

ಕಲ್ಲುಗಳ ಮುಂದಿನ ಜಾಗ ಬರಿದಾಗಿದೆ. ಅವ್ವಮ್ಮ ಮಡಿಲಿನ ಗಂಟು ಬಿಚ್ಚುತ್ತಾರೆ. ಮಧ್ಯಾಹ್ನದ ಬುತ್ತಿಯಲ್ಲಿ ಉಳಿದ ಅರ್ಧ ಸಜ್ಜಿ ರೊಟ್ಟಿ ಅದರಲ್ಲಿದೆ. ಅದನ್ನು ಅಲ್ಲಿಡುತ್ತಾರೆ. "ಇದು ನಂದು," ಎನ್ನುತ್ತಾರೆ, ಯಾರಿಗೂ ಅಲ್ಲವೆಂಬಂತೆ.

ಹೊರಟುನಿಂತ ಪ್ರಲ್ಹಾದ ಏನಾದರೂ ಬೇಕೇ ಎಂದು ಕೇಳಿದರೆ ಕವಣೆ ಸುತ್ತಿಡುತ್ತ ಆಕೆ ಹೇಳುವುದು ಇಷ್ಟೇ: "ಮುಂದಿನ ವರ್ಷನೂ ನಸಿಕಿನಾಗ ಬರ್ರಿ, ಸಾಹೇಬ್ರ. ಆ ಮೊದಲ ಹಿಂಡು ಇಷ್ಟು ವರ್ಷ ನಾ ಒಬ್ಬಾಕೇ ನೋಡೀನಿ."