ಕಿವಿ ತೋರಿಸಿ ಬರೆದ ಪರೀಕ್ಷೆ

ಗೆಳತಿಯರೇ, ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಇವತ್ತು ಆನ್‌ಲೈನ್ ಕಂಪ್ಯೂಟರ್ ಕೋರ್ಸಿನ ಕೊನೆಯ ಪರೀಕ್ಷೆ ಬರೆದೆ. ನಮ್ಮ ಗುಡೂರಿನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಪಡಸಾಲೆಯಲ್ಲಿ ಮಾತ್ರ. ಅಲ್ಲಿ ನನ್ನೆದುರಿಗೇ ಮಾವನವರು ಕೂರುವ ಹೊರಸು ಮಂಚ.

ಮೊಬೈಲಿನಿಂದ ಮೇಲ್ವಿಚಾರಕರು, "ಮೇಡಂ, ತಲೆ ಮೇಲಿನ ಸೆರಗು ಸರಿಸಿ ಕಿವಿ ತೋರಿಸಿ. ಇಯರ್‌ಫೋನ್ ಇದ್ದರೆ ಪರೀಕ್ಷೆ ರದ್ದು" ಎಂದರು.

ಮಾವನೆದುರು ಒಂದು ದಿನವೂ ಸೆರಗು ಜಾರಿಸಿದವಳಲ್ಲ ನಾನು. "ಸರ್, ಎದುರಿಗೆ ನಮ್ಮ ಮಾವ ಅದಾರ್ರಿ" ಎಂದುಬಿಟ್ಟೆ.

"ಇನ್ನೊಬ್ಬರಿದ್ದಾರಾ? ಉತ್ತರ ಹೇಳಿಕೊಡ್ತಿದ್ದಾರಾ? ಕ್ಯಾಮೆರಾ ತಿರುಗಿಸಿ!"

ತಿರುಗಿಸಿದೆ. ಮಾವ ಮೊಬೈಲಿಗೇ ಕೈಮುಗಿದರು. "ಸಾಹೇಬ್ರ, ನಾ ಸಾಲಿ ಮೆಟ್ಟಲಾ ಹತ್ತಿಲ್ರಿ. ನಾ ಹೇಳಿಕೊಟ್ರ ಆಕಿ ಖರೇನ ಫೇಲ್ ಆಗ್ತಾಳ್ರಿ."

ಆಮೇಲೆ ನನಗೆ, "ಯವ್ವಾ, ನಾ ಗ್ವಾಡಿ ಕಡೆ ಮಾರಿ ಮಾಡ್ತೇನಿ. ನೀ ಕಿವಿ ತೋರಸು" ಎಂದು ಹೊರಳಿ ಕೂತರು.

ತೋರಿಸಿದೆ. ಕಿವಿ ಮುಚ್ಚದೆಯೇ ಬರೆಯಿರಿ ಎಂದರು ಮೇಲ್ವಿಚಾರಕರು. ಮುಗಿಯುವವರೆಗೂ ಮಾವ ಗೋಡೆ ಬಿಟ್ಟು ಆಚೀಚೆ ನೋಡಲಿಲ್ಲ. ಅವರು ಎಲ್ಲಿ ತಿರುಗಿಬಿಡುತ್ತಾರೋ ಎಂದು ಕ್ಷಣಕ್ಷಣಕ್ಕೂ ತಲೆಯೆತ್ತಿ ನೋಡಿದವಳು ನಾನೇ. ನಾನು ಹಾಗೆ ತಲೆಯೆತ್ತಿದ್ದನ್ನು ಆ ಕ್ಯಾಮೆರಾ ಕಾಪಿ ಹೊಡೆಯುವುದು ಎಂದು ಬರೆದುಕೊಂಡಿದ್ದರೆ, ಈ ಪರೀಕ್ಷೆಯಲ್ಲಿ ಪಾಸಾಗುವವರು ಮಾವ ಒಬ್ಬರೇ.