ಅರಸೀಕೆರೆ ಎಂದು ನಾನೇ ಹೇಳಿದೆ

ಶೈಲಾ, ನೀನು ಅರಸೀಕೆರೆಗೆ ಹೊರಟಿದ್ದ ವಿಷಯವನ್ನು ನಿನ್ನ ಗಂಡನಿಗೆ ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ನಿನ್ನ ನಾದಿನಿಯ ಮೇಲೆ ನಿನಗೆ ಅನುಮಾನವಿತ್ತೆಂದು ಆಮೇಲೆ ಯಾರಿಂದಲೋ ಕೇಳಿದೆ — ಕೇಳಿಯೂ ಸುಮ್ಮನಿದ್ದೆ.

ಆಗ ನಾನು ಬೇಲೂರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ಗೆಂಡೆಹಳ್ಳಿಯಿಂದ ಸಂತೆಗೆಂದು ಬಂದಿದ್ದ ನೀನು ಕಪಾಟುಗಳ ನಡುವೆ ಬಹಳ ಹೊತ್ತು ನಿಂತೇ ಇದ್ದೆ. ಏನು ಬೇಕಮ್ಮಾ ಎಂದು ನಾನೇ ಕೇಳಿದೆ.

"ದಿಕ್ಕೇ ತೋಚ್ದಂಗಾಗೈತೆ ಮೇಡಂ. ಅಂಥೋರು ಓದೋ ಪುಸ್ತಕ ಏನಾದ್ರೂ ಐತಾ?"

ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನನ್ನ ಯಜಮಾನರು ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದ ಪುಸ್ತಕವನ್ನೇ ಹುಡುಕಿ ಕೊಟ್ಟೆ — ಮನೆ ಬಿಟ್ಟು ಬಂದು ತನ್ನ ಕಾಲ ಮೇಲೆ ನಿಂತ ಹೆಂಗಸೊಬ್ಬಳ ಬದುಕಿನ ಕಥೆ. ಆಮೇಲೆ ಇನ್ನೊಂದು, ಮತ್ತೊಂದು. ರಾಗಿ ಚೀಲದೊಳಗೆ ಬಚ್ಚಿಟ್ಟು ಓದುತ್ತೇನೆ ಎಂದಿದ್ದೆ ನೀನು. ಮಾತಾಡುವಾಗ ನೀನು ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತಿದ್ದೆ. ಅಲ್ಲಿ ಏನಾಗಿದೆಯೆಂದು ನಾನು ಕೇಳಲಿಲ್ಲ. ಕೇಳದೆಯೂ ಗೊತ್ತಿತ್ತು.

ಕೊನೆಗೊಂದು ದಿನ, ಅರಸೀಕೆರೆಯ ಗೆಳತಿ ಹೊಲಿಗೆ ಕೆಲಸ ಕೊಡಿಸುತ್ತಾಳೆ, ಬರುವ ಸೋಮವಾರ ಹೋಗಿಬಿಡುತ್ತೇನೆ ಎಂದು ನೀನು ಹೇಳಿದೆ. ನೀನು ನಕ್ಕಿದ್ದನ್ನು ನಾನು ನೋಡಿದ್ದು ಅಂದು ಮಾತ್ರ.

ಮರುದಿನ ನಿನ್ನ ಗಂಡ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಒಳಬಂದರು. ದನಿ ಎತ್ತಲಿಲ್ಲ — ನನಗೆ ಹೆದರಿಕೆಯಾದದ್ದೇ ಅದರಿಂದ. ಚೀಲದಲ್ಲಿ ಸಿಕ್ಕಿದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಗ್ರಂಥಾಲಯದ ಮುದ್ರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ನಮ್ಮನೇವ್ಳು ಎಲ್ಲಿಗೋ ಹೊರಟವ್ಳೆ ಅನ್ಸುತ್ತೆ. ಪುಸ್ತಕ ಕೊಟ್ಟೋರು ನೀವು, ನಿಮಗೆ ಗೊತ್ತಿರ್ತದೆ. ನಾಳೆ ಏನಾರ ಆದ್ರೆ ಜನ ನಿಮ್ಮನ್ನೂ ಕೇಳ್ತಾರಲ್ವಾ?"

"ಅರಸೀಕೆರೆ," ಎಂದೆ.

ಯಾವ ದಿನವೆಂದು ಅವರು ಕೇಳಿರಲಿಲ್ಲ. ಸೋಮವಾರ ಎಂದು ನಾನಾಗಿಯೇ ಸೇರಿಸಿದೆ. ನನ್ನ ಕೆಲಸ, ನನ್ನ ಹೆಸರು — ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಗೆಂಡೆಹಳ್ಳಿಯ ಆ ಮನೆಯಲ್ಲಿ ಅಂದು ಸಂಜೆ ಏನಾಗಬಹುದೆಂದು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಬೀಗ ಹಾಕಿ ಮನೆಗೆ ಹೋದೆ.

ಮುಂದಿನ ವಾರ ಉಳಿದ ಪುಸ್ತಕಗಳನ್ನು ಅವರೇ ತಂದು ಹಿಂತಿರುಗಿಸಿದರು. ಇನ್ನು ನೀನು ಬರುವುದಿಲ್ಲ ಎಂದರು. ಒಂದು ಪುಸ್ತಕದ ಅಂಚು ಸುಟ್ಟು ಕರಿಯಾಗಿತ್ತು. ಯಾಕೆಂದು ಕೇಳದೆ ಅದನ್ನು ಕಪಾಟಿನ ಹಿಂದಕ್ಕೆ ತಳ್ಳಿದೆ. ಹೋಗುವಾಗ ಮೇಜಿನ ಪಕ್ಕದಲ್ಲಿ ತೋಟದ ತೆಂಗಿನಕಾಯಿ ಇಟ್ಟು ಹೋದರು. ಬೇಡವೆನ್ನಲಿಲ್ಲ. ಮನೆಗೊಯ್ದು ಚಟ್ನಿಗೆ ತುರಿದೆ, ಶೈಲಾ. ತಿಂದೆ.

ನಾದಿನಿಯ ಮೇಲಿನ ಅನುಮಾನದ ಆ ಒಂದು ಮಾತು ಬಿಟ್ಟರೆ ಆಮೇಲೆ ನಿನ್ನ ಸುದ್ದಿಯೇ ಇರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು — ಉತ್ತರ ಏನು ಬರುವುದೋ ಎಂದು ಹೆದರಿ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಳೆದ ತಿಂಗಳು, ಹಳೇಬೀಡಿನ ಬಸ್ ನಿಲ್ದಾಣದಲ್ಲಿ ನಿನ್ನನ್ನು ಕಂಡೆ. ನಿನ್ನ ಎಡಗೈ ಮಡಚಿದಂತೆಯೇ ಇತ್ತು. ಬ್ಯಾಗು ಎತ್ತಿಕೊಳ್ಳುವಾಗಲೂ ನೇರವಾಗಲಿಲ್ಲ. ಶೈಲಾ ಎಂದು ಕರೆದೆ. ನೀನು ತಿರುಗಿ ನೋಡಿದೆ. ಗುರುತು ಸಿಕ್ಕಿತೆಂದು ನಿನ್ನ ಕಣ್ಣೇ ಹೇಳಿತು.

"ಯಾರೇ ಅದು, ಕರೀತಾವ್ರಲ್ಲ?" ಎಂದರು ಪಕ್ಕದಲ್ಲಿದ್ದ ನಿನ್ನ ಅತ್ತೆ.

"ಗೊತ್ತಿಲ್ಲ ಅತ್ತೆ," ಎಂದು ನೀನು ಬಸ್ಸು ಹತ್ತಿದೆ.

ನನ್ನನ್ನು ಉಳಿಸಲು ಹಾಗೆಂದೆಯೋ, ನಿನ್ನನ್ನು ಉಳಿಸಿಕೊಳ್ಳಲೋ — ತಿಳಿಯದು. ಆದರೆ ಗೊತ್ತಿಲ್ಲ ಎಂಬ ಆ ಒಂದು ಮಾತು ಅಂದು ನಿನ್ನ ಗಂಡನೆದುರು ನನ್ನ ಬಾಯಿಗೆ ಬರಬೇಕಿತ್ತು.