ಮೂವತ್ತೊಂದು ತಪ್ಪಿದ ಪಟ್‌ಗಳು

ಬುಧವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಂಕಿಅಕ್ಕನ ಕಂಪ್ಯೂಟರ್ ಪರದೆಯ ಮೇಲೆ ಐದು ಹೆಸರುಗಳು ಮೂಡಿದವು. ನಾಲ್ಕನೆಯದು ಅವಳ ಒಡಹುಟ್ಟಿದ ತಮ್ಮನದು. ಅವಳು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಹೆಸರು ಅಲ್ಲೇ ಇತ್ತು.

ಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಅವಳನ್ನು ಎಲ್ಲರೂ ಅಂಕಿಅಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡ ಗಾಲ್ಫ್ ಪಂದ್ಯಾವಳಿ ಶುರುವಾಗುವ ಹಿಂದಿನ ದಿನ ‘ಗೆಲ್ಲಬಲ್ಲ ಐವರು’ ಎಂಬ ಅಂಕಣ ಬರೆಯುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ನೂರಿಪ್ಪತ್ತು ಜನ ಆಡುವ ಆಟದಲ್ಲಿ ಐವರನ್ನು ಆರಿಸುವುದೆಂದರೆ ಕಣ್ಣು ಕಟ್ಟಿಕೊಂಡು ಕಲ್ಲೆಸೆದಂತೆ ಎಂದು ಮೊದಮೊದಲು ಜೊತೆಯವರು ನಗುತ್ತಿದ್ದರು. ಅವಳು ಕಲ್ಲೆಸೆಯುತ್ತಿರಲಿಲ್ಲ. ಪ್ರತಿ ಆಟಗಾರನ ಕಳೆದ ಇಪ್ಪತ್ನಾಲ್ಕು ಸುತ್ತುಗಳ ಆಟವನ್ನು ನಾಲ್ಕು ಭಾಗ ಮಾಡುತ್ತಿದ್ದಳು: ಮೊದಲ ದೂರದ ಹೊಡೆತ, ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಅಂದರೆ ಗ್ರೀನ್‌ಗೆ, ಚೆಂಡು ತಲುಪಿಸುವ ಹೊಡೆತ, ಗ್ರೀನ್ ಪಕ್ಕದಿಂದ ಎತ್ತಿ ಹಾಕುವ ಸಣ್ಣ ಹೊಡೆತ, ಕೊನೆಗೆ ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಪಟ್. ಒಂದೊಂದರಲ್ಲೂ ಅವನು ಉಳಿದವರ ಸರಾಸರಿಗಿಂತ ಎಷ್ಟು ಹೊಡೆತ ಉಳಿಸಿದ, ಎಷ್ಟು ಕಳೆದ ಎಂದು ನೋಡುತ್ತಿದ್ದಳು. ಆಮೇಲೆ ಅಂಗಳದ ಗುಣಕ್ಕೆ ಅದನ್ನು ಹೊಂದಿಸುತ್ತಿದ್ದಳು. ಈ ವಾರದ ಅಂಗಳ ಇಕ್ಕಟ್ಟು, ಗ್ರೀನ್‌ಗಳು ಅಂಗೈಯಗಲ. ದೂರ ಹೊಡೆಯುವ ಬಲಭೀಮರಿಗೆ ಇಲ್ಲಿ ಕೆಲಸವಿಲ್ಲ. ದೂರದಿಂದಲೇ ಚೆಂಡನ್ನು ಕುಳಿಯ ಪಕ್ಕ ಇಳಿಸುವವರಿಗೆ ಮಾತ್ರ ಇದು ಒಲಿಯುತ್ತದೆ.

ಆ ಹೊಡೆತದಲ್ಲಿ ಅವಳ ತಮ್ಮ ಆ ವರ್ಷ ನೂರಿಪ್ಪತ್ತು ಜನರಲ್ಲಿ ಮೂರನೆಯವನು. ಸಣಕಲು ಮೈಯವನಾದ್ದರಿಂದ ಚಿಕ್ಕಂದಿನಿಂದಲೂ ಅವನಿಗೆ ಕಡ್ಡಿ ಎಂದೇ ಹೆಸರು. ಅವರ ಅಪ್ಪ ಅದೇ ಅಂಗಳದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಯಂತ್ರದ ಶೆಡ್ಡಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಅಕ್ಕ ತಮ್ಮ ಬೆಳೆದರು. ಮುರಿದ ಕ್ಲಬ್ಬು, ಪೊದೆಯಲ್ಲಿ ಸಿಕ್ಕ ಚೆಂಡು ಹಿಡಿದು ಅವನು ಹೊಡೆಯುತ್ತಿದ್ದ. ಅವಳು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಹೊಡೆತ ಬರೆದಿಡುತ್ತಿದ್ದಳು. ಈಗ ಅವನಿಗೆ ಮೂವತ್ತಾರು. ವೃತ್ತಿಪರ ಆಟಗಾರನಾಗಿ ಹದಿನಾಲ್ಕು ವರ್ಷ ಕಳೆದರೂ ಒಂದೂ ಪಂದ್ಯಾವಳಿ ಗೆದ್ದಿರಲಿಲ್ಲ. ಪ್ರತಿ ವರ್ಷ ಏದುಸಿರು ಬಿಡುತ್ತ ತನ್ನ ಸ್ಥಾನ ಉಳಿಸಿಕೊಳ್ಳುತ್ತಿದ್ದ. ಮೊದಲ ತೊಂಬತ್ತು ಮಂದಿಗೆ ಮಾತ್ರ ಮುಂದಿನ ವರ್ಷ ಜಾಗ. ವರ್ಷದ ಪಟ್ಟಿಯಲ್ಲಿ ಅವನು ಈಗ ತೊಂಬತ್ನಾಲ್ಕನೆಯವನು. ನಾಳೆ ಶುರುವಾಗುವುದು ವರ್ಷದ ಕೊನೆಯ ಪಂದ್ಯಾವಳಿ.

ಕ್ರೀಡಾ ಸಂಪಾದಕರು ಅವಳ ಮೇಜಿನ ಹಿಂದೆ ಬಂದು ನಿಂತರು. ಗಡಿಯಾರ ನೋಡದೆ ಬಾಯಿ ತೆರೆಯದ ಅವರನ್ನು ಇಡೀ ಕಚೇರಿ ಬೆನ್ನ ಹಿಂದೆ ಗಡುವಪ್ಪ ಎನ್ನುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

“ಮೂರು ಗಂಟೆಗೆ ಪುಟ ಹೋಗ್ಬೇಕು. ಐದೂ ಸಿಕ್ಕಿದ್ವಲ್ಲ, ಇನ್ನೇನು ಕಾಯ್ತಿದ್ದೀಯ?”

“ನಾಲ್ಕನೆಯವನು ಯಾರು ನೋಡಿ ಸರ್.”

ಅವರು ಬಗ್ಗಿ ನೋಡಿ ಹುಬ್ಬೇರಿಸಿದರು. “ಅಂಕಿ ಹೇಳಿದ್ರೆ ಬರಿ. ತಮ್ಮ ಅಂತ ಸೇರಿಸೋದು ತಪ್ಪು. ತಮ್ಮ ಅಂತ ಬಿಡೋದೂ ತಪ್ಪೇ.”

“ಇವನ ಪಟ್ ನೋಡಿ. ಮೂರು ತಿಂಗಳಿಂದ ನೆಲ ಕಚ್ಚಿದೆ.”

“ಪಟ್ ಒಂದು ವಾರ ಬರುತ್ತೆ, ಒಂದು ವಾರ ಹೋಗುತ್ತೆ, ಅದಕ್ಕೆ ತೂಕ ಕಡಿಮೆ ಕೊಡ್ಬೇಕು ಅಂತ ನನಗೆ ಪಾಠ ಮಾಡಿದವಳು ನೀನೇ ಅಲ್ವೇನಮ್ಮ?”

ಅದು ನಿಜವೇ. ಆದರೂ ಅವಳು ಕಡ್ಡಿಯ ದಾಖಲೆಯನ್ನು ಮತ್ತೆ ತೆರೆದಳು. ಬರುವುದು ಹೋಗುವುದು ಬೇರೆ. ಇದು ಹೋದದ್ದು ಬಂದೇ ಇರಲಿಲ್ಲ. ಪ್ರತಿ ಹೊಡೆತದ ದಾಖಲೆಯ ಜೊತೆ ಪುಟ್ಟ ವಿಡಿಯೋ ತುಣುಕು ಇರುತ್ತದೆ. ಎರಡು ಮೀಟರಿಗಿಂತ ಹತ್ತಿರದಿಂದ ಕಡ್ಡಿ ತಪ್ಪಿಸಿದ ಪಟ್‌ಗಳನ್ನೆಲ್ಲ ಅವಳು ಹೆಕ್ಕಿ ತೆಗೆದಳು. ಮೂರು ತಿಂಗಳಲ್ಲಿ ಮೂವತ್ತೊಂದು. ಒಂದೊಂದಾಗಿ ನೋಡುತ್ತ ಹೋದಳು. ಊಟದ ಡಬ್ಬಿ ತೆರೆಯಲೇ ಇಲ್ಲ.

ಹತ್ತನೆಯ ತುಣುಕಿನ ಹೊತ್ತಿಗೆ ಅವಳ ಕೈ ನಿಧಾನವಾಯಿತು. ಇಪ್ಪತ್ತನೆಯದಾದ ಮೇಲೆ ಹಿಂದಿನವನ್ನೆಲ್ಲ ಮತ್ತೆ ಮೊದಲಿನಿಂದ ನೋಡಿದಳು. ಇಳಿಜಾರಿನಲ್ಲಿ ಬಾಗಿ ಹೋಗಬೇಕಾದ ಪಟ್‌ಗಳನ್ನು ಅವನು ಎಂದಿನಂತೆ ಕುಳಿಗೆ ಬೀಳಿಸುತ್ತಿದ್ದ. ತಪ್ಪುತ್ತಿದ್ದದ್ದು ನೇರ ಪಟ್‌ಗಳು. ಮಕ್ಕಳೂ ಹಾಕುವಂಥವು. ಮೂವತ್ತೊಂದರಲ್ಲಿ ಇಪ್ಪತ್ತೇಳು ನೇರ, ಇಪ್ಪತ್ತೇಳೂ ಎಡಕ್ಕೆ, ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ. ಹೆದರಿದವನ ಕೈ ನಡುಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಇವನ ಕೈ ನಡುಗುತ್ತಿರಲಿಲ್ಲ. ಎಲ್ಲಿಗೆ ಗುರಿ ಇಟ್ಟಿದ್ದನೋ ಅಲ್ಲಿಗೇ ಹೊಡೆಯುತ್ತಿದ್ದ. ಗುರಿಯೇ ಸರಿಯಿರಲಿಲ್ಲ.

ಗಂಟೆ ಎರಡೂ ಮುಕ್ಕಾಲು. ಅವಳು ನಾಲ್ಕನೆಯ ಹೆಸರು ಅಳಿಸಿ, ಆರನೆಯವನನ್ನು ಮೇಲೆ ತಂದು ಪುಟ ಕಳಿಸಿದಳು.

ಗಡುವಪ್ಪನ ಮುಖ ಕೆಂಪಗಾಯಿತು. “ಕಾರಣ ಹೇಳು.”

“ಗೊತ್ತಿಲ್ಲ ಸರ್. ಅನುಮಾನ ಅಷ್ಟೆ.”

“ಹನ್ನೊಂದು ವರ್ಷ ಅಂಕಿ ಅಂಕಿ ಅಂತ ನನ್ನ ತಲೆ ತಿಂದು, ಇವತ್ತು ಅನುಮಾನ ಅಂತೀಯಾ?”

ಅವಳು ಕಡ್ಡಿಯ ಅಂಕಿಗಳ ಹಾಳೆಯನ್ನು ಮುದ್ರಿಸಿಕೊಂಡು, ಚೀಲ ಹೆಗಲಿಗೇರಿಸಿ ಹೊರಟಳು.

ಕಡ್ಡಿ ಅಭ್ಯಾಸದ ಗ್ರೀನ್ ಮೇಲೆ ಒಬ್ಬನೇ ಇದ್ದ. ನೆಲದ ಮೇಲೆ ಸುಣ್ಣದ ನೇರ ಗೆರೆ ಎಳೆದುಕೊಂಡು ಅದರುದ್ದಕ್ಕೂ ಚೆಂಡು ಉರುಳಿಸುತ್ತಿದ್ದ. ಅವಳನ್ನು ಕಂಡವನೇ ಗೆರೆಯನ್ನು ಶೂನಿಂದ ಉಜ್ಜಿದ.

“ಏನಕ್ಕ, ಇಷ್ಟು ಹೊತ್ತಿಗೆ? ಕಚೇರಿ ಮುಚ್ಚಿದ್ರಾ?”

“ನೇರ ಪಟ್ ಯಾಕೋ ತಪ್ತಿದೆ ನಿನಗೆ?”

“ಪಟ್ ಅಂದ್ಮೇಲೆ ತಪ್ಪುತ್ತೆ.”

“ಇಪ್ಪತ್ತೇಳೂ ಎಡಕ್ಕೇನಾ?”

ಅವನ ಮುಖದ ನಗು ಆರಿತು. “ಓ, ನನ್ನನ್ನೂ ಕೊಯ್ದು ನೋಡಿದ್ಯಾ? ನಾಳೆ ಬೆಳಗ್ಗೆ ನಾನು ಆಡ್ಬೇಕು ಅನ್ನೋದಾದ್ರೂ ನೆನಪಿದ್ಯಾ ನಿನಗೆ? ಹೋಗಕ್ಕ, ಮನೆಗೆ ಹೋಗು.”

ಅವಳು ಕದಲಲಿಲ್ಲ. ದೂರದಲ್ಲಿ ಯಾರೋ ಚೆಂಡು ಹೊಡೆದ ಟಕ್ ಶಬ್ದ ಕೇಳಿಸಿತು. ಕೊನೆಗೆ ಅವನೇ ಅವಳ ಕೈಯಲ್ಲಿದ್ದ ಹಾಳೆ ಕಿತ್ತುಕೊಂಡ. ಅದರ ತುಂಬ ಅಂಕಿಗಳ ಚೌಕಗಳು, ಅಡ್ಡಗೆರೆ, ಉದ್ದಗೆರೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎಡಗಣ್ಣಿನಿಂದ ಹಾಳೆ ನೋಡುತ್ತ ಹೇಳಿದ:

“ಇಲ್ಲಿ, ಮಧ್ಯದಲ್ಲಿ, ನಿನ್ನ ಗೆರೆಗಳೆಲ್ಲ ಹೊಟ್ಟೆ ಬಿಟ್ಟಿವೆ ಅಕ್ಕ. ಒಂದು ಮಬ್ಬು ಬೊಟ್ಟು ಇಟ್ಟ ಹಾಗಿದೆ.”

“ಯಾವಾಗಿಂದ?”

“ಮೂರು ತಿಂಗಳಾಗಿರ್ಬೇಕು. ಇಳಿಜಾರಿದ್ರೆ ಕಾಲಡಿ ಗೊತ್ತಾಗುತ್ತೆ, ಕಾಲು ನಂಬಿ ಹೊಡೀತೀನಿ. ಸಮ ಇದ್ರೆ ಕಣ್ಣನ್ನೇ ನಂಬಬೇಕಲ್ಲ.”

“ಯಾರಿಗೆ ಹೇಳಿದ್ದೀಯ?”

“ಯಾರಿಗೂ ಇಲ್ಲ. ಮನೇಲಿ ಹೆಂಡತಿಗೂ ಇಲ್ಲ.”

ಬೈಯಬೇಕೆಂದು ಬಾಯಿ ತೆರೆದಳು. ಬೈಯುವ ಬದಲು ಅವನ ರಟ್ಟೆ ಹಿಡಿದು ಕಾರಿನತ್ತ ಎಳೆದುಕೊಂಡು ಹೋದಳು. ಮೂವತ್ತಾರು ವರ್ಷದವನು ಶಾಲೆ ತಪ್ಪಿಸಿ ಸಿಕ್ಕಿಬಿದ್ದವನಂತೆ ಹಿಂದೆ ಬಂದ.

ಕಣ್ಣಿನ ಡಾಕ್ಟರು ಅರವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಹನಿ ಹಾಕಿ, ಅರ್ಧ ಗಂಟೆ ಕಾಯಿಸಿ, ಯಂತ್ರದ ಮುಂದೆ ಗಲ್ಲವಿಡಿಸಿ ಚಿತ್ರ ತೆಗೆದರು. ಪರದೆಯ ಮೇಲೆ ಕಣ್ಣಿನ ಹಿಂಬದಿಯ ಪದರ ಸಣ್ಣ ಗುಳ್ಳೆಯಂತೆ ಎದ್ದಿತ್ತು.

“ಪದರದ ಕೆಳಗೆ ನೀರು ತುಂಬಿದೆ. ನಿದ್ದೆ ಸರಿಯಾಗಿ ಮಾಡ್ತೀರಾ?”

“ಇಲ್ಲ ಡಾಕ್ಟ್ರೇ.”

“ಚಿಂತೆ?”

“ಅದೇ ನನ್ನ ಉದ್ಯೋಗ.”

ಡಾಕ್ಟರು ನಗಲಿಲ್ಲ. “ಎಷ್ಟೋ ಜನಕ್ಕೆ ವಿಶ್ರಾಂತಿ ತಗೊಂಡ್ರೆ ತಾನಾಗೇ ಇಳಿಯುತ್ತೆ. ನಿಮಗೆ ಆಗಲೇ ಮೂರು ತಿಂಗಳಾಗಿದೆ. ಹೀಗೇ ಬಿಟ್ರೆ ಗೆರೆ ಬಾಗಿದ್ದು ಬಾಗೇ ಉಳೀಬಹುದು.”

“ನಾಳೆಯಿಂದ ನಾಲ್ಕು ದಿನ ಆಡಿದ್ರೆ?”

“ನಾಲ್ಕು ದಿನಕ್ಕೆ ಕಣ್ಣೇನೂ ಹೋಗಲ್ಲ. ಆದ್ರೆ ನೀವು ನಾಲ್ಕು ದಿನಕ್ಕೆ ನಿಲ್ಲಿಸೋ ಪೈಕಿನಾ?” ಎನ್ನುತ್ತಲೇ, ಆಡದೆ ವಿಶ್ರಾಂತಿ ಪಡೆಯಬೇಕೆಂದು ಪತ್ರ ಬರೆದುಕೊಟ್ಟರು.

ಆಟಗಾರರ ಸಂಘದಲ್ಲಿ ಒಂದು ನಿಯಮವಿತ್ತು. ಮೊದಲ ಹೊಡೆತಕ್ಕೆ ಮುಂಚೆ ವೈದ್ಯರ ಪತ್ರ ಕೊಟ್ಟು ಹಿಂದೆ ಸರಿದವನಿಗೆ ಮುಂದಿನ ವರ್ಷ ಎಂಟು ಪಂದ್ಯಾವಳಿಗಳಲ್ಲಿ ಆಡುವ ಅವಕಾಶ. ಒಂದೇ ಒಂದು ಚೆಂಡು ಹೊಡೆದರೂ ಪತ್ರ ಬರೀ ಕಾಗದ.

ಆಸ್ಪತ್ರೆಯ ಮೆಟ್ಟಿಲಲ್ಲಿ ಕಡ್ಡಿ ಕೇಳಿದ, “ನಿನ್ನ ಹಾಳೇಲಿ ನಾನೆಷ್ಟನೆಯವನು?”

ಅವಳು ಸುಳ್ಳು ಹೇಳಬಹುದಿತ್ತು. “ನಾಲ್ಕನೆಯವನು.”

ಅವನ ಕಣ್ಣು ಅರಳಿತು. “ನೂರಿಪ್ಪತ್ತರಲ್ಲಿ ನಾಲ್ಕು! ಇಷ್ಟು ವರ್ಷಕ್ಕೆ ಮೊದಲನೇ ಸಲ! ಮೊದಲ ಹತ್ತರೊಳಗೆ ಬಂದ್ರೂ ಸಾಕು, ಇಡೀ ವರ್ಷದ ಜಾಗ ಸಿಗುತ್ತೆ. ಇಂಥ ವಾರ ನನ್ನನ್ನ ಮನೇಲಿ ಕೂರು ಅಂತೀಯಾ?”

“ಆ ಹಾಳೆ ನಿನಗೆ ಎರಡು ಕಣ್ಣಿವೆ ಅಂದ್ಕೊಂಡಿದೆ ಕಣೋ!”

ಅವನು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ಏಳು ಇಪ್ಪತ್ತಕ್ಕೆ ಅವನ ಸರದಿ. ಆರೂವರೆಗೇ ಅಂಕಿಅಕ್ಕ ಅಂಗಳದ ಹಗ್ಗದ ಆಚೆ ನಿಂತಿದ್ದಳು. ಕಡ್ಡಿ ಬಿಳಿ ಟೋಪಿ ಹಾಕಿಕೊಂಡು, ಕೈಗವಸು ತೊಟ್ಟು, ಮೈ ಸಡಿಲಿಸುತ್ತಿದ್ದ. ಒಮ್ಮೆಯೂ ಇತ್ತ ನೋಡಲಿಲ್ಲ. ಅವನ ಹೆಂಡತಿ ಬಂದು ಅವಳ ಪಕ್ಕ ನಿಂತಳು.

“ರಾತ್ರಿ ಎಲ್ಲ ಹೇಳಿದ್ರು ಅತ್ತಿಗೆ. ಏನು ಮಾಡ್ತಾರೋ ಗೊತ್ತಿಲ್ಲ.”

ಏಳು ಹತ್ತು. ಅವನ ಜೊತೆ ಆಡುವ ಇಬ್ಬರೂ ಬಂದು ಕೈಕುಲುಕಿದರು. ಏಳು ಹದಿನೈದು. ಕಡ್ಡಿ ಚೆಂಡಿಡುವ ಪುಟ್ಟ ಮೊಳೆಯನ್ನು ಹುಲ್ಲಿಗೆ ಚುಚ್ಚಿ, ಅದರ ಮೇಲೆ ಚೆಂಡಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು ಹುಲ್ಲಿನ ಉದ್ದಕ್ಕೂ ದೂರ ನೋಡಿದ. ಅಂಕಿಅಕ್ಕನ ಕೈ ತಮ್ಮನ ಹೆಂಡತಿಯ ಕೈಯನ್ನು ಯಾವಾಗ ಹಿಡಿಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕೂಗಬೇಕೆನಿಸಿತು. ಕೂಗಿದರೆ ಅದು ಅವನ ನಿರ್ಧಾರವಾಗುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಳು.

ಘೋಷಕ ಅವನ ಹೆಸರು ಕೂಗಿದ. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಕಡ್ಡಿ ಚೆಂಡಿನ ಬಳಿ ಬಂದು ನಿಂತ. ಕ್ಲಬ್ಬನ್ನು ಚೆಂಡಿನ ಹಿಂದೆ ತಂದ. ಅಲ್ಲೇ ತಡೆದ. ಬಗ್ಗಿದವನು ಎದ್ದು, ಚೆಂಡನ್ನೂ ಮೊಳೆಯನ್ನೂ ಕಿತ್ತು ಜೇಬಿಗೆ ಹಾಕಿಕೊಂಡು, ಅದೇ ಜೇಬಿನಿಂದ ಪತ್ರ ತೆಗೆದು ಅಧಿಕಾರಿಯ ಕೈಗಿಟ್ಟ. ಒಂದು ನಿಮಿಷ ಗುಸುಗುಸು. ಬದಲಿ ಪಟ್ಟಿಯಲ್ಲಿದ್ದ ಆಟಗಾರನೊಬ್ಬ ಶೂ ಲೇಸು ಕಟ್ಟಿಕೊಳ್ಳುತ್ತ, ಕುಂಟುತ್ತ ಓಡಿಬಂದ.

ಕಡ್ಡಿ ಹಗ್ಗ ದಾಟಿ ಅಕ್ಕನ ಮುಂದೆಯೇ ಹಾದುಹೋದ. “ಈಗ ಖುಷಿನಾ?” ಎಂದಷ್ಟೇ ಹೇಳಿದ. ಆ ಎರಡು ಮಾತು ಅವಳಿಗೆ ಬಹಳ ದಿನ ಚುಚ್ಚುತ್ತಲೇ ಇತ್ತು. ಎರಡು ತಿಂಗಳು ಅವನು ಅವಳಿಗೆ ಫೋನ್ ಮಾಡಲಿಲ್ಲ.

ಅದೇ ಬೆಳಗ್ಗೆ ಗಡುವಪ್ಪನ ಫೋನು ಬಂತು. “ಹಿಂದೆ ಸರಿದನಂತೆ. ನಿನಗೆ ಮೊದಲೇ ಗೊತ್ತಿತ್ತಾ?”

“ಪುಟ ಕಳಿಸೋವಾಗ ಗೊತ್ತಿರ್ಲಿಲ್ಲ ಸರ್. ಆಣೆಗೂ ಅನುಮಾನ ಅಷ್ಟೆ.”

ಅವರು ಜೀವಮಾನದಲ್ಲಿ ಮೊದಲ ಸಲ ಗಡಿಯಾರದ ಮಾತೆತ್ತದೆ ಕೇಳಿದರು, “ಹುಡುಗ ಹೇಗಿದ್ದಾನಮ್ಮ?”

ಕಣ್ಣಿನ ನೀರು ಇಳಿಯಲು ಐದು ತಿಂಗಳು ಬೇಕಾಯಿತು. ನಡುವೆ ಒಮ್ಮೆ ಲೇಸರ್ ಚಿಕಿತ್ಸೆಯೂ ಆಯಿತು. ಅದು ಮುಗಿದ ಸಂಜೆ ಕಡ್ಡಿ ತಾನಾಗಿಯೇ ಅಕ್ಕನ ಮನೆಗೆ ಬಂದು, ಏನೂ ಆಗದವನಂತೆ ಕುರ್ಚಿ ಎಳೆದು ಕೂತು, “ಊಟಕ್ಕೇನಿದೆ?” ಎಂದ. ಅವಳೂ ಏನೂ ಆಗದವಳಂತೆ ತಟ್ಟೆ ಇಟ್ಟಳು.

ಸಿಕ್ಕ ಎಂಟು ಪಂದ್ಯಾವಳಿಗಳಲ್ಲಿ ಅವನು ಚೆನ್ನಾಗಿಯೇ ಆಡಿದ. ಆದರೆ ಸ್ಥಾನ ಉಳಿಯುವಷ್ಟು ಅಲ್ಲ. ಎಂಟನೆಯದರಲ್ಲಿ ಒಂದೇ ಹೊಡೆತದಿಂದ ಕೈ ತಪ್ಪಿತು. ಆ ರಾತ್ರಿ ಅಂಕಿಅಕ್ಕ ನಿದ್ದೆ ಮಾಡಲಿಲ್ಲ. ಅಂದು ಅವನು ಆಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಯಾವ ಲೆಕ್ಕದಲ್ಲೂ ಉತ್ತರವಿರಲಿಲ್ಲ. ಕಡ್ಡಿ ಕೆಳಗಿನ ದರ್ಜೆಯ ಪಂದ್ಯಗಳಿಗೆ ಹೋದ. ಅಲ್ಲಿ ಕ್ಯಾಮೆರಾ ಇಲ್ಲ, ಹಗ್ಗವಿಲ್ಲ, ಚೀಲವನ್ನೂ ತಾನೇ ಹೊರಬೇಕು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಗಾಳಿ ಬೀಸುವ ಒಂದು ಭಾನುವಾರ, ಕೊನೆಯ ಕುಳಿಯ ಮುಂದೆ ಒಂದೂವರೆ ಮೀಟರ್ ದೂರದ ಪಟ್ ಹಾಕಿ ಜೀವನದ ಮೊದಲ ಪಂದ್ಯಾವಳಿ ಗೆದ್ದ.

ಕಚೇರಿಯಲ್ಲಿದ್ದ ಅಕ್ಕನಿಗೆ ಅವನೇ ಫೋನ್ ಮಾಡಿದ. ಅವಳು ಹಲೋ ಎನ್ನುವಷ್ಟರಲ್ಲಿ ಆ ಕಡೆಯಿಂದ ಜೋರಾಗಿ ಮೂಗೆಳೆಯುವ ಸದ್ದು ಕೇಳಿಸಿತು.

“ಅಳ್ತಿದ್ದೀಯೇನೋ?” ಎಂದಳು.

“ಗಾಳಿ ಅಕ್ಕ, ಇಲ್ಲಿ ಸಿಕ್ಕಾಪಟ್ಟೆ ಗಾಳಿ,” ಎಂದ ಅವನು.